ಅಜ್ಜಿ ಹಗ್ಗದ ಮೇಲೆ ಕುಳಿತರೆಂದರೆ

ಮಳೆ ಜೋರಾಗುವ ಆಟಿ ತಿಂಗಳಲ್ಲಿ ನಮ್ಮ ಕಡೆ ಹೊಸ ಮದುಮಗಳು ತವರಿಗೆ ಹೋಗುವುದು ಬಿಟ್ಟರೆ ಬೇರೆ ಯಾರೂ ಯಾರ ಮನೆಗೂ ನೆಂಟರಾಗಿ ಹೋಗುವುದಿಲ್ಲ. ಬಂಟ್ವಾಳ ಪೇಟೆಯ ನಮ್ಮ ಮನೆಗೆ ಮಾತ್ರ ಆ ತಿಂಗಳಲ್ಲೇ ಒಬ್ಬಳು ಕರೆಯದೆ ಬರುತ್ತಿದ್ದಳು, ನೇತ್ರಾವತಿ. ಮುಂಬಾಗಿಲಿನಿಂದ ಬರುವ ಮರ್ಯಾದೆ ಅವಳಿಗೆ ಇರಲಿಲ್ಲ. ಹಿತ್ತಿಲಿನ ಮೆಟ್ಟಿಲು ಹತ್ತಿ, ಬಟ್ಟೆ ಒಗೆಯುವ ಕಲ್ಲನ್ನು ಮುಳುಗಿಸಿ, ಬಚ್ಚಲಿಗೆ ನುಗ್ಗಿ, ಅಡುಗೆಮನೆಯಲ್ಲಿ ಒಂದು ಸುತ್ತು ಹಾಕಿ ಚಾವಡಿಗೆ ಬರುತ್ತಿದ್ದಳು. ಹೋಗುವಾಗ ಗೋಡೆಯ ಮೇಲೆ ಕಂದು ಬಣ್ಣದ ಒಂದು ಗೆರೆ ಎಳೆದು ಹೋಗುತ್ತಿದ್ದಳು. ದೀಪಾವಳಿಗೆ ಎಷ್ಟು ಸುಣ್ಣ ಬಳಿದರೂ ಆ ಗೆರೆಗಳು ಪೂರ್ತಿ ಅಳಿಸುತ್ತಿರಲಿಲ್ಲ. ಬೇರೆ ಮನೆಗಳಲ್ಲಿ ಮಕ್ಕಳ ಎತ್ತರವನ್ನು ಬಾಗಿಲಿನ ದಾರಂದಕ್ಕೆ ಗುರುತು ಹಾಕಿ ನೋಡುತ್ತಾರಂತೆ. ನಾನು ಆ ಗೆರೆಗಳ ಪಕ್ಕ ನಿಂತು ನೋಡಿಕೊಳ್ಳುತ್ತಿದ್ದೆ. ಒಂದು ವರ್ಷದ ನೀರಿಗಿಂತ ನಾನು ಎತ್ತರವಾದ ದಿನ ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದೆ.

ನಾವು ಮನೆಯಲ್ಲಿ ತುಳು ಮಾತಾಡುವವರು. ನೆರೆಗೆ ನಮ್ಮಲ್ಲಿ ಬೊಳ್ಳ ಅನ್ನುತ್ತಾರೆ. ಅಜ್ಜಿಯ ಮಾತನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನಾದ್ದರಿಂದ ಅದರ ಖಾರ ಅರ್ಧ ಕಡಿಮೆಯಾಗಿದೆ ಎಂದು ಓದುವವರು ತಿಳಿದುಕೊಳ್ಳಬೇಕು. ಮನೆಯಲ್ಲಿ ನಾವು ನಾಲ್ವರು. ಅಪ್ಪನ ತಾಯಿ ದೇವಕಿಯಜ್ಜಿ, ಅಮ್ಮ, ಅಪ್ಪನ ತಮ್ಮ ಸಂಜೀವ ಚಿಕ್ಕಪ್ಪ, ಮತ್ತು ನಾನು. ಅಪ್ಪ ಬೊಂಬಾಯಿಯ ಒಂದು ಹೋಟೆಲಿನಲ್ಲಿದ್ದರು. ಬೇಸಿಗೆಯಲ್ಲಿ ಬಂದು, ಮಾವಿನಹಣ್ಣು ತಿಂದು, ಮಳೆ ಹನಿಯುವ ಮೊದಲೇ ರೈಲು ಹತ್ತುತ್ತಿದ್ದರು. "ನಿನ್ನ ಅಪ್ಪ ಜಾಣ, ನೀರು ಬರುವ ಮೊದಲೇ ಓಡುತ್ತಾನೆ" ಎಂದು ಅಜ್ಜಿ ಗೇಲಿ ಮಾಡುತ್ತಿದ್ದರು. ಅಮ್ಮ ಮೂಡಬಿದ್ರೆಯ ಹತ್ತಿರದ ಶಿರ್ತಾಡಿಯವಳು. ಅಲ್ಲಿ ನೀರು ಅಂದರೆ ಬಾವಿಯಲ್ಲಿ, ಕೆರೆಯಲ್ಲಿ, ಹೇಳಿದ ಕಡೆ ಇರುವ ವಸ್ತು. ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ಅಡುಗೆಮನೆಯ ಒಲೆ ತೇಲುವ ಬೂದಿಯಾಗಿ ಹೋದದ್ದನ್ನು ಕಂಡು ಅವಳು ಮೂರು ಹೊತ್ತೂ ಅತ್ತಿದ್ದಳಂತೆ. ಅಜ್ಜಿ ಸಮಾಧಾನ ಮಾಡುವ ಬದಲು ಅವಳ ಕೈಗೆ ಒಂದು ಚೀಲ ಉಪ್ಪು ಕೊಟ್ಟು, "ಅಳುದು ಮತ್ತೆ. ಮೊದಲು ಇದನ್ನು ಉಪ್ಪರಿಗೆಗೆ ಕೊಂಡುಹೋಗು" ಎಂದರಂತೆ.

ಆ ಉಪ್ಪರಿಗೆಯೇ ನಮ್ಮ ಮನೆಯ ಭಾಗ್ಯ. ಕೆಳಗೆ ಕೆಂಪು ಮುರಕಲ್ಲಿನ ಗಟ್ಟಿ ಗೋಡೆ, ಮೇಲೆ ಹಲಗೆ ಹಾಸಿದ ಒಂದು ಉದ್ದದ ಕೋಣೆ, ಹಿಂದುಗಡೆ ನದಿಗೆ ಮುಖ ಮಾಡಿದ ಮರದ ಜಗಲಿ. ನಮ್ಮ ಓಣಿಯಲ್ಲಿ ಉಪ್ಪರಿಗೆ ಇದ್ದದ್ದು ನಮ್ಮದೊಂದೇ ಮನೆಗೆ. ಹಾಗಾಗಿ ನೀರು ಏರಿತೆಂದರೆ ಓಣಿಯ ಅರ್ಧ ಜನ ನಮ್ಮಲ್ಲಿ. ಏಣಿಮೆಟ್ಟಿಲು ಹತ್ತುವುದಕ್ಕೂ ಅಜ್ಜಿಯದೇ ಒಂದು ಕ್ರಮ ಇತ್ತು. ಮೊದಲು ಹಟ್ಟಿಯ ದನಗಳ ಕೊರಳಿನ ಹಗ್ಗ ಬಿಚ್ಚಿ ಮೇಲಿನ ಬೀದಿಗೆ ಅಟ್ಟಬೇಕು. ಕಟ್ಟಿದ ದನ ಮುಳುಗುತ್ತದೆ, ಬಿಟ್ಟ ದನ ಈಜುತ್ತದೆ. ಆಮೇಲೆ ಮಕ್ಕಳು, ಮುದುಕರು. ಆಮೇಲೆ ಒಲೆಯ ಕೆಂಡ, ಮಣ್ಣಿನ ಮಡಕೆಯಲ್ಲಿ. ಆಮೇಲೆ ಅಕ್ಕಿ, ಉಪ್ಪು, ಹಂಡೆ ತುಂಬ ಕುಡಿಯುವ ನೀರು. ಸುತ್ತಲೂ ನೀರಿದ್ದರೂ ಬಾವಿ ಕೆಟ್ಟ ಮೇಲೆ ಕುಡಿಯಲಿಕ್ಕೆ ತೊಟ್ಟು ನೀರಿರುವುದಿಲ್ಲ ಎಂಬುದು ಅಮ್ಮನಿಗೆ ಬಹಳ ವಿಚಿತ್ರವಾಗಿ ಕಂಡ ಸಂಗತಿ. ದೇವರ ಫೋಟೊ, ದೀಪ, ಗಂಟೆ ಎಲ್ಲ ಕಟ್ಟಕಡೆಗೆ. ಇದೊಂದು ಅಮ್ಮನಿಗೆ ಸರಿಬರುತ್ತಿರಲಿಲ್ಲ.

"ಅತ್ತೆ, ದೇವರನ್ನು ಮೊದಲು ಕೊಂಡುಹೋಗುವ. ಕೆಳಗೆ ಬಿಟ್ಟರೆ ಪಾಪ ಅಲ್ವಾ?"

"ದೇವರಿಗೆ ಈಜು ಗೊತ್ತುಂಟು ಮಾರಾಯ್ತಿ. ಅಕ್ಕಿಗೆ ಗೊತ್ತಿಲ್ಲ."

ಎಲ್ಲರೂ ಮೇಲೆ ಹೋದ ಮೇಲೆ ಅಜ್ಜಿ ಮುಂಬಾಗಿಲನ್ನೂ ಹಿಂಬಾಗಿಲನ್ನೂ ಹಾರುಹೊಡೆದು ಕಲ್ಲು ಇಟ್ಟು ಬರುತ್ತಿದ್ದರು. ಹೊಸಬರು ಬಾಯಿಬಿಟ್ಟು ನೋಡುತ್ತಿದ್ದರು, ನೀರು ಬರುವಾಗ ಬಾಗಿಲು ಹಾಕುವುದಲ್ಲವೇ ಲೋಕರೂಢಿ? ಅಜ್ಜಿಯ ಉತ್ತರ ಯಾವಾಗಲೂ ಒಂದೇ. "ನೀರಿಗೆ ಬಾಗಿಲು ಹಾಕಿದ್ರೆ ಅದು ಗೋಡೆಯಲ್ಲಿ ಬಾಗಿಲು ಮಾಡಿಕೊಳ್ತದೆ. ಒಂದು ಕಡೆಯಿಂದ ಬರಲಿ, ಇನ್ನೊಂದು ಕಡೆಯಿಂದ ಹೋಗಲಿ." ನೀರು ಇಳಿದ ಮೇಲೂ ಯಾರನ್ನೂ ಕೆಳಗೆ ಮಲಗಲು ಬಿಡುತ್ತಿರಲಿಲ್ಲ. ನೀರು ಕುಡಿದ ಗೋಡೆ ಇಳಿತದಲ್ಲಿ ಬೀಳುತ್ತದೆ, ಏರುವಾಗ ಅಲ್ಲ ಎನ್ನುತ್ತಿದ್ದರು. ಒಮ್ಮೆ ಉಪ್ಪರಿಗೆಯ ಅಡ್ಡತೊಲೆಯ ಮೇಲೆ ಒಂದು ಹಾವು ಬಂದು ಸುತ್ತಿಕೊಂಡಿತ್ತು. ಮೂಲೆಮನೆಯ ದರ್ಜಿ ಬಾಬಣ್ಣ ಕೋಲು ಹಿಡಿದಾಗ ಅಜ್ಜಿ ತಡೆದರು. "ಅದೂ ಜೀವ ಉಳಿಸಿಕೊಳ್ಳಲಿಕ್ಕೆ ಬಂದದ್ದು. ಆ ಮೂಲೆ ಅದಕ್ಕೆ, ಈ ಮೂಲೆ ನಮಗೆ." ನೀರು ಇಳಿಯುವ ತನಕ ನಾವು ಈ ಮೂಲೆಯಲ್ಲಿ ಬೇಯಿಸಿ ಒಣಗಿಸಿದ ಹಲಸಿನ ಬೀಜದ ಸಾಂತಾಣಿ ಜಗಿಯುತ್ತಾ, ಗಂಜಿಗೆ ಹುರುಳಿ ಚಟ್ನಿ ನೆಂಚಿಕೊಳ್ಳುತ್ತಾ, ಒಂದು ಕಣ್ಣು ತೊಲೆಯ ಮೇಲೆ ಇಟ್ಟುಕೊಂಡೇ ಕೂತಿದ್ದೆವು. ನನಗೆ ಆ ದಿನಗಳು ಭಯದ ದಿನಗಳಾಗಿ ನೆನಪಿಲ್ಲ. ಶಾಲೆ ಇಲ್ಲ, ಓಣಿಯ ಮಕ್ಕಳೆಲ್ಲ ನಮ್ಮ ಮನೆಯಲ್ಲೇ, ಒಂದೇ ಒಲೆಯ ಗಂಜಿ. ಹಬ್ಬವೇ ಸರಿ.

ಇಷ್ಟೆಲ್ಲ ಕ್ರಮಗಳಲ್ಲಿ ಒಂದು ಮಾತ್ರ ಜಗಳಕ್ಕೆ ಮೂಲವಾಗುತ್ತಿತ್ತು. ಅದು ಹಗ್ಗದ ಸಂಗತಿ. ಮೇಲೆ ಘಟ್ಟದಲ್ಲಿ, ಬೆಳ್ತಂಗಡಿಯ ಕಡೆ ಮಳೆ ಜೋರಾದರೆ ನದಿಯಲ್ಲಿ ಏನೇನೋ ತೇಲಿ ಬರುತ್ತಿತ್ತು. ತೆಂಗಿನಕಾಯಿ, ಬಾಳೆಗೊನೆ, ಸೌದೆ, ಕೆಲವೊಮ್ಮೆ ಆನೆಯ ಗಾತ್ರದ ಮರದ ದಿಮ್ಮಿ. ಅದನ್ನು ಹಿಡಿಯುವುದು ಪೇಟೆಯ ಗಂಡಸರಿಗೆಲ್ಲ ಒಂದು ಹುಚ್ಚು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬ ಹಾರುತ್ತಾನೆ, ದಡದಲ್ಲಿ ನಾಲ್ಕು ಜನ ಹಗ್ಗ ಹಿಡಿಯುತ್ತಾರೆ, ಸಿಕ್ಕಿದ್ದನ್ನು ಎಳೆದು ತರುತ್ತಾರೆ. ದಡ ತುಂಬ ಜನ ನಿಂತು ಕೂಗುತ್ತಾರೆ. ಸಂಜೀವ ಚಿಕ್ಕಪ್ಪನಷ್ಟು ಚಂದ ಈಜುವವರು ಆ ಪೇಟೆಯಲ್ಲಿ ಇನ್ನೊಬ್ಬರಿರಲಿಲ್ಲ. ಬೇಸಿಗೆಯಲ್ಲಿ ನದಿಯನ್ನು ಅಡ್ಡಕ್ಕೆ ದಾಟಿ, ಆಚೆ ದಡದಲ್ಲಿ ಬೀಡಿ ಸೇದಿ ವಾಪಸ್ ಬರುವವರು. ಆದರೆ ಆಟಿಯಲ್ಲಿ ಅವರು ಉಪ್ಪರಿಗೆಯ ಜಗಲಿಯಲ್ಲಿ ನಿಂತು, ಉಳಿದವರು ದಿಮ್ಮಿ ಹಿಡಿಯುವುದನ್ನು ನೋಡಿ ಹಲ್ಲು ಕಡಿಯಬೇಕಾಗಿತ್ತು. ಯಾಕೆಂದರೆ ಒಗೆಯುವ ಕಲ್ಲು ಮುಳುಗಿತೆಂದು ಗೊತ್ತಾದ ಕೂಡಲೇ ಅಜ್ಜಿ ಬಾವಿಯ ನಾರಿನ ಹಗ್ಗವನ್ನು, ಹಟ್ಟಿಯ ಹಗ್ಗವನ್ನು, ಮನೆಯಲ್ಲಿದ್ದ ಹಗ್ಗವನ್ನೆಲ್ಲ ಸೇರಿಸಿ ಒಂದೇ ಉದ್ದಕ್ಕೆ ಗಂಟು ಹಾಕಿ, ಉಪ್ಪರಿಗೆಗೆ ಹೊತ್ತು, ಸುರುಳಿ ಸುತ್ತಿ, ಅದರ ಮೇಲೆ ಕುಳಿತುಬಿಡುತ್ತಿದ್ದರು. ಪಕ್ಕದಲ್ಲಿ ಒಂದು ಜೋಡಿ ಒಣ ತೆಂಗಿನಕಾಯಿ, ಜುಟ್ಟಿಗೆ ಜುಟ್ಟು ಕಟ್ಟಿದ್ದು, ಮಕ್ಕಳಿಗೆ ಈಜು ಕಲಿಸುವಾಗ ಎದೆಗೆ ಕೊಡುತ್ತಾರಲ್ಲ, ಅಂಥದ್ದು. ಅಲ್ಲೇ ಊಟ, ಅಲ್ಲೇ ಎಲೆಅಡಿಕೆ, ಅಲ್ಲೇ ತೂಕಡಿಕೆ. ಓಣಿಯಲ್ಲಿ ಅದೇ ಒಂದು ಗುರುತಾಗಿತ್ತು. "ದೇವಕಿಯಕ್ಕ ಹಗ್ಗದ ಮೇಲೆ ಕೂತಿದ್ದಾರಂತೆ" ಎಂದರೆ ಜನ ಗಂಟುಮೂಟೆ ಕಟ್ಟಲು ಶುರುಮಾಡುತ್ತಿದ್ದರು.

"ಅಮ್ಮಾ, ಒಮ್ಮೆ ಏಳಿ. ದಿಮ್ಮಿ ನೋಡಿ, ಹೋಗ್ತಾ ಉಂಟು! ಬೀಟಿಮರ ಅದು!"

"ಹೋಗಲಿ. ನಿನ್ನ ಸೋದರಮಾವನ ಮನೆಯಿಂದ ಬಂದದ್ದಾ ಅದು?"

"ನನಗೆ ಈಜು ಬರುದಿಲ್ವಾ? ಊರಿಗೆಲ್ಲ ಗೊತ್ತುಂಟು."

"ಈಜು ಬಾರದವ ನೀರಲ್ಲಿ ಸಾಯುದಿಲ್ಲ ಮಾರಾಯ, ಅವ ನೀರಿಗೇ ಇಳಿಯುದಿಲ್ಲ. ಬೊಳ್ಳದಲ್ಲಿ ಬಂದದ್ದು ಬೊಳ್ಳಕ್ಕೇ. ಕೂತುಕೋ, ಹಪ್ಪಳ ತಿನ್ನು."

ಒಬ್ಬ ಗಟ್ಟಿಮುಟ್ಟು ಗಂಡಸು ತನ್ನ ಮುದಿ ತಾಯಿಯನ್ನು ಎತ್ತಿ ಪಕ್ಕಕ್ಕೆ ಇಟ್ಟು ಹಗ್ಗ ತೆಗೆದುಕೊಳ್ಳಬಹುದಿತ್ತು. ಚಿಕ್ಕಪ್ಪ ಒಂದು ದಿನವೂ ಹಾಗೆ ಮಾಡಲಿಲ್ಲ. ಸಿಟ್ಟಿನಿಂದ ಹಪ್ಪಳ ಮುರಿಯುತ್ತಿದ್ದರು, ಅಷ್ಟೆ. ಯಾಕೆಂದು ಅಮ್ಮ ಒಂದು ಮಧ್ಯಾಹ್ನ ಅಕ್ಕಿಯ ಕಲ್ಲು ಆರಿಸುತ್ತಾ ನನಗೆ ಪಿಸುಮಾತಿನಲ್ಲಿ ಹೇಳಿದಳು. ಅಜ್ಜ ಹೋದದ್ದು ಹೀಗೆಯೇ. ಅಪ್ಪ ಆಗ ಸಣ್ಣವರು, ಚಿಕ್ಕಪ್ಪ ತೊಟ್ಟಿಲಲ್ಲಿ. ಒಂದು ದೊಡ್ಡ ದಿಮ್ಮಿ ಬಂತೆಂದು ಅಜ್ಜ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಹಾರಿದರಂತೆ. ಹಗ್ಗ ಒಂದೆರಡು ಮಾರು ಸಾಲದೆ ಬಂತಂತೆ. ಕೈಗೆ ಸಿಗುವಷ್ಟು ಹತ್ತಿರದಲ್ಲಿ ದಿಮ್ಮಿ. ದಡದವರು ಬೇಡ ಬೇಡ ಎಂದು ಕೂಗುತ್ತಿದ್ದ ಹಾಗೆ ಅಜ್ಜ ತಾನೇ ಗಂಟು ಬಿಚ್ಚಿ ಮುಂದೆ ಹೋದರಂತೆ. ಎಳೆದವರ ಕೈಗೆ ಬರೀ ಹಗ್ಗ ಬಂತು. ಅಮ್ಮ ಇಷ್ಟು ಹೇಳಿ, "ಅತ್ತೆಯ ಹತ್ತಿರ ಕೇಳಬೇಡ, ಆಯ್ತಾ?" ಎಂದಳು. ನಾನು ಕೇಳಲಿಲ್ಲ. ಆದರೆ ಆ ಮೇಲೆ ಅಜ್ಜಿ ಹಗ್ಗದ ಮೇಲೆ ಕುಳಿತಾಗ ನಾನು ನಗುತ್ತಿರಲಿಲ್ಲ.

ಇನ್ನು ಸುಂದರಿಯಕ್ಕನ ವಿಷಯ. ನಮ್ಮ ಹಿತ್ತಿಲಿನಿಂದ ಕೆಳಗೆ, ನದಿಗೆ ಇನ್ನೂ ಹತ್ತಿರ, ಮಣ್ಣಿನ ಗೋಡೆಯ ಒಂದು ಸಣ್ಣ ಮನೆಯಲ್ಲಿ ಅವರು ಒಬ್ಬರೇ ಇದ್ದರು. ಗಂಡ ತೀರಿಕೊಂಡಿದ್ದರು, ಮಗಳನ್ನು ವಿಟ್ಲಕ್ಕೆ ಕೊಟ್ಟಿತ್ತು. ಅವರ ಅಂಗಳದಲ್ಲಿ ಒಂದು ಜೀಗುಜ್ಜೆ ಮರ, ಅಂದರೆ ದೀವಿಹಲಸು. ಅದರ ಒಂದು ಕೊಂಬೆ ನಮ್ಮ ಬೇಲಿಯ ಈಚೆಗೆ ಬಾಗಿತ್ತು. ಈಚೆಗೆ ಬಿದ್ದ ಜೀಗುಜ್ಜೆ ಯಾರದ್ದು ಎಂಬುದರ ಮೇಲೆ ಎಂದೋ ಒಂದು ಮಾತು ಬಂದು, ಮಾತಿಗೆ ಮಾತು ಬೆಳೆದು, ಇಬ್ಬರೂ ಮಾತು ಬಿಟ್ಟಿದ್ದರು. ಬಿಟ್ಟರೆಂದರೆ ಪೂರ್ತಿ ಬಿಟ್ಟದ್ದಲ್ಲ. ಕೋಳಿಯ ಮೂಲಕ ಮಾತಾಡುತ್ತಿದ್ದರು. ಸುಂದರಿಯಕ್ಕನ ಕೋಳಿ ನಮ್ಮ ಬಸಳೆ ಚಪ್ಪರದಡಿ ಕೆದಕಿದರೆ ಅಜ್ಜಿ ಬೇಲಿಯ ಹತ್ತಿರ ನಿಂತು, "ಏ ಕೋಳಿ, ನಿನ್ನ ಯಜಮಾನ್ತಿಗೆ ಹೇಳು, ಕಾಲು ಮುರಿದು ಸಾರು ಮಾಡ್ತೇನೆ ಅಂತ!" ಎನ್ನುತ್ತಿದ್ದರು. ಆಚೆಯಿಂದ ಸುಂದರಿಯಕ್ಕ, "ಬಾ ಕೋಳಿ, ಬಾ. ಪಾಪ, ಅವರ ಮನೆಯಲ್ಲಿ ಸಾರಿಗೆ ಗತಿ ಇಲ್ಲ" ಎನ್ನುತ್ತಿದ್ದರು. ಕೋಳಿಗೆ ಇಬ್ಬರ ಮಾತೂ ಅಭ್ಯಾಸವಾಗಿತ್ತು. ಬೊಳ್ಳ ಬಂದಾಗ ಓಣಿಯವರೆಲ್ಲ ನಮ್ಮ ಉಪ್ಪರಿಗೆಗೆ ಬಂದರೂ ಸುಂದರಿಯಕ್ಕ ಮಾತ್ರ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೇಲಿನ ಬೀದಿಗೆ, ದೂರದ ಒಂದು ಸಂಬಂಧದವರ ಮನೆಗೆ ಹೋಗುತ್ತಿದ್ದರು. ಅಜ್ಜಿ ನೋಡಿಯೂ ನೋಡದವರ ಹಾಗೆ, "ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ? ಒಂದು ದಿನ ಬರ್ತಾಳೆ" ಎನ್ನುತ್ತಿದ್ದರು.

ಆ ದಿನ ಬಂದೇ ಬಂತು. ಅದಕ್ಕೆ ಹಿಂದಿನ ಎರಡು ದಿನ ಆಕಾಶ ತೂತು ಬಿದ್ದ ಹಾಗೆ ಮಳೆ. ಬೆಳಿಗ್ಗೆ ಬೆಳ್ತಂಗಡಿಯಿಂದ ಬಂದ ಬಸ್ಸಿನ ಕಂಡಕ್ಟರು ಪೇಟೆಯ ಅಂಗಡಿಗಳಿಗೆ ಕೇಳುವ ಹಾಗೆ, "ಮೇಲೆ ಸಂಕ, ಸೇತುವೆ ಎಲ್ಲ ಮುಳುಗಿವೆ, ನಾವು ವಾಪಸ್ ಹೋಗುದಿಲ್ಲ!" ಎಂದು ಕೂಗಿ ಹೇಳಿದ. ಅಜ್ಜಿಗೆ ಅಷ್ಟೇ ಸಾಕಾಯಿತು. ಬೆಳ್ತಂಗಡಿಯಲ್ಲಿ ಬಿದ್ದ ಮಳೆ ನಮ್ಮ ಮೆಟ್ಟಿಲಿಗೆ ಬರಲು ಎಷ್ಟು ಹೊತ್ತು ಬೇಕೆಂದು ಅವರಿಗೆ ಗೊತ್ತಿತ್ತು. ಒಗೆಯುವ ಕಲ್ಲು ಮುಳುಗುವ ಮೊದಲೇ ಅವರು ಹಗ್ಗ ಹೊತ್ತು ಉಪ್ಪರಿಗೆ ಹತ್ತಿದರು. ದನಗಳನ್ನು ಅಟ್ಟಿದೆವು. ಕೆಂಡ ಬಂತು, ಅಕ್ಕಿ ಬಂತು, ಬಾಬಣ್ಣನ ಹೊಲಿಗೆ ಮೆಷಿನು ಬಂತು, ಬಾಬಣ್ಣನ ಹೆಂಡತಿ ಮಕ್ಕಳು ಬಂದರು. ಅಜ್ಜಿ ಜಗಲಿಗೆ ಹೋಗಿ ಕೆಳಗಿನ ಮನೆಯ ಕಡೆ ನೋಡಿದರು. ಸುಂದರಿಯಕ್ಕನ ಬಾಗಿಲು ಹಾಕಿತ್ತು. ಮೇಲಿನ ಬೀದಿಗೆ ಹೋಗಿರಬೇಕು ಎಂದರು ಬಾಬಣ್ಣ. ಅಜ್ಜಿ ಹೂಂ ಎಂದರು, ಆದರೆ ಮತ್ತೆರಡು ಸಲ ಎದ್ದು ಹೋಗಿ ನೋಡಿ ಬಂದರು.

ಸುಂದರಿಯಕ್ಕ ಹೋಗಿರಲಿಲ್ಲ. ಆಮೇಲೆ ಅವರೇ ಹೇಳಿದ್ದು, ಮೇಲಿನ ಬೀದಿಯವರು ಹಿಂದಿನ ವರ್ಷ ಕೋಳಿಯ ವಿಷಯದಲ್ಲಿ ಏನೋ ಒಂದು ಮಾತು ಆಡಿದ್ದರಂತೆ, ಅಲ್ಲಿಗೆ ಹೋಗಲು ಮನಸ್ಸಾಗಲಿಲ್ಲವಂತೆ. ನಮ್ಮಲ್ಲಿಗೆ ಬರಲು ಅಭಿಮಾನ ಅಡ್ಡಬಂತು. ಬಾಗಿಲು ಭದ್ರ ಮಾಡಿ, ಸಂದಿಗೆ ಸೆಗಣಿ ಮೆತ್ತಿ, ಒಳಗೆ ಕುಳಿತರು. ಪ್ರತಿ ವರ್ಷದ ಹಾಗೆ ಹೊಸ್ತಿಲು ಮುಟ್ಟಿ ಹೋದೀತು ಎಂದುಕೊಂಡಿದ್ದರು. ಮಧ್ಯಾಹ್ನದ ಹೊತ್ತಿಗೆ, ನಾವು ಮೇಲೆ ಗಂಜಿಗೆ ಕೂತಿರುವಾಗ ಗುಡುಗಿನಂಥ ಒಂದು ಸದ್ದು. ಜಗಲಿಗೆ ಓಡಿ ನೋಡಿದರೆ ಕೆಳಗಿನ ಮನೆಯ ಹಿಂದಿನ ಗೋಡೆ ಕುಸಿದು ಮಾಡು ಒಂದು ಬದಿಗೆ ವಾಲಿತ್ತು. ಜೀಗುಜ್ಜೆ ಮರದ ಕವಲಿನಲ್ಲಿ ಸುಂದರಿಯಕ್ಕ ಕೋಳಿಯನ್ನು ಅಪ್ಪಿಕೊಂಡು ಕುಳಿತಿದ್ದರು. ಕಿಟಕಿಯಿಂದ ಹೊರಬಿದ್ದು ಹೇಗೋ ಹತ್ತಿದ್ದರು. ಅವರ ಕಾಲಡಿಯಲ್ಲಿ ನೀರು, ಓಣಿಯಿಂದ ನದಿಯ ಕಡೆಗೆ ಸುಳಿ ಸುತ್ತಿ ಓಡುವ ಕೆಂಪು ನೀರು.

ಮರ ಹತ್ತಿದರಲ್ಲ, ಬಚಾವಾದರು ಎಂದು ನಾನು ಅಂದುಕೊಂಡೆ. ಚಿಕ್ಕಪ್ಪನ ಮುಖ ನೋಡಿದ ಮೇಲೆ ಗೊತ್ತಾಯಿತು. ಜೀಗುಜ್ಜೆ ಮರ ನಂಬುವ ಮರವಲ್ಲ. ಹಲಸಿನ ಹಾಗೆ ಕಂಡರೂ ಅದರ ಕೊಂಬೆ ಸೌತೆಕಾಯಿಯ ಹಾಗೆ ಮುರಿಯುವ ಜಾತಿ. ಮುರಿದರೆ ಮುಂದೆ ತಡೆಯಲು ಏನೂ ಇಲ್ಲ, ನೇರ ನೇತ್ರಾವತಿ. ಬಾಬಣ್ಣ ಮುಂದಿನ ಕಿಟಕಿಯಿಂದ ದೋಣಿಯವರನ್ನು ಕೂಗಿದರು. ದೋಣಿಗಳೆಲ್ಲ ಮೇಲಿನ ಬೀದಿಯಲ್ಲಿ ಜನ ಸಾಗಿಸುತ್ತಿದ್ದವು, ಆ ಮಳೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಚಿಕ್ಕಪ್ಪ ಅಂಗಿ ಕಳಚಿದರು. ಆದರೆ ಅಜ್ಜಿಯ ಕಡೆ ತಿರುಗಿ ನಿಂತರು. ಅಜ್ಜಿ ಹಗ್ಗದ ಮೇಲೆ ಕುಳಿತೇ ಇದ್ದರು. ಅವರ ಕೈ ಎರಡೂ ಸುರುಳಿಯನ್ನು ಹಿಡಿದಿತ್ತು. ಉಪ್ಪರಿಗೆಯಲ್ಲಿ ಇದ್ದವರೆಲ್ಲ ಅವರನ್ನೇ ನೋಡುತ್ತಿದ್ದರು. ನನಗೆ ಅಜ್ಜನ ಕತೆ ನೆನಪಾಯಿತು. ಏಳಬೇಡಿ ಅಜ್ಜೀ ಎಂದು ಮನಸ್ಸಿನಲ್ಲೇ ಹೇಳಿದೆ. ಅದೇ ಉಸಿರಿನಲ್ಲಿ, ಏಳಿ ಅಜ್ಜೀ ಎಂದೂ ಹೇಳಿದೆ.

ಅಜ್ಜಿ ಮಂಡಿಗೆ ಕೈ ಕೊಟ್ಟು ಎದ್ದರು.

"ಬಾ ಇಲ್ಲಿ. ತಿರುಗಿ ನಿಲ್ಲು."

"ಮುಂದೆ ಕಟ್ಟಿ ಅಮ್ಮಾ, ಈಜಲಿಕ್ಕೆ ಸಲೀಸು."

"ತಿರುಗಿ ನಿಲ್ಲು ಅಂದೆ."

ಹಗ್ಗವನ್ನು ಚಿಕ್ಕಪ್ಪನ ಸೊಂಟಕ್ಕೆ ಎರಡು ಸುತ್ತು ಹಾಕಿ, ಬೆನ್ನಿನ ಮಧ್ಯಕ್ಕೆ ಸರಿಯಾಗಿ ಗಂಟು ಬಿಗಿದರು. ಕಾಲನ್ನು ಗೋಡೆಗೆ ಒದೆಕೊಟ್ಟು ಬಿಗಿದರು. ಆಮೇಲೆ ತೆಂಗಿನಕಾಯಿ ಜೋಡಿಯನ್ನು ಕೊರಳಿಗೆ ಹಾಕಿ, "ಇದು ಅವಳಿಗೆ. ಅವಳು ನಿನ್ನ ಕುತ್ತಿಗೆ ಹಿಡಿಯಬಾರದು, ಇದನ್ನು ಹಿಡಿಯಬೇಕು. ಮೊದಲೇ ಹೇಳು" ಎಂದರು. ಹಗ್ಗದ ಇನ್ನೊಂದು ತುದಿಯನ್ನು ಜಗಲಿಯ ಕಂಬಕ್ಕೆ ಸುತ್ತಿ, ಬಾಬಣ್ಣನನ್ನೂ ಅಮ್ಮನನ್ನೂ ಹಿಡಿಯಲು ನಿಲ್ಲಿಸಿದರು. ಚಿಕ್ಕಪ್ಪ ಜಗಲಿಯಿಂದ ಕೆಳಗಿಳಿದು ನೀರಿಗೆ ಬಿದ್ದರು.

ಅವರು ಈಜಿದ್ದನ್ನು ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಹೇಳಬಲ್ಲೆ. ನೀರಿನ ವಿರುದ್ಧ ಒಂದು ಕೈಯನ್ನೂ ಹಾಕಲಿಲ್ಲ. ಮೊದಲು ಬೇಲಿಯ ಕಡೆಗೆ ಅಡ್ಡ ಹೋಗಿ, ಅಲ್ಲಿಂದ ಹರಿವಿಗೆ ಮೈಕೊಟ್ಟು, ಮರದ ಕಡೆಗೆ ಜಾರಿದರು. ಎಲ್ಲ ಸರಿಹೋಯಿತು ಅನ್ನುವಾಗ ಹಗ್ಗ ಸೆಟೆದು ನಿಂತಿತು. ಒಂದೆರಡು ಮಾರು ಸಾಲದು. ಕೊಂಬೆ ಅವರ ಕೈಗೆ ಇಗೋ ಈಗ ಎನ್ನುವಷ್ಟು ಹತ್ತಿರ. ಅಲ್ಲಿಂದ ಸುಂದರಿಯಕ್ಕ ಕೈ ಚಾಚಿದರು, ಇವರು ಚಾಚಿದರು, ಸಿಗಲಿಲ್ಲ. ಮರ ಒಮ್ಮೆ ಕರಕ್ಕೆಂದಿತು. ಆಗ ಚಿಕ್ಕಪ್ಪನ ಕೈ ಸೊಂಟಕ್ಕೆ ಹೋದದ್ದನ್ನು ನಾವೆಲ್ಲ ನೋಡಿದೆವು. ಮುಂದೆ ತಡಕಾಡಿತು, ಅಲ್ಲಿ ಗಂಟಿಲ್ಲ. ಹಿಂದಕ್ಕೆ ಹೋಯಿತು. ಎಳೆತಕ್ಕೆ ಕಲ್ಲಾಗಿದ್ದ ಗಂಟು ಬೆರಳಿಗೆ ಜಗ್ಗಲಿಲ್ಲ.

"ಅಮ್ಮಾ! ಹಗ್ಗ ಬಿಡಿ! ಇಷ್ಟೇ ಉಂಟು, ನಾನು ಹಿಡೀತೇನೆ!"

"ಬಿಡುದಿಲ್ಲ! ತಲೆ ಮೇಲಿಟ್ಟು ಸುಮ್ಮನೆ ತೇಲು!"

ಅಜ್ಜಿ ಹಿಂದಕ್ಕೆ ತಿರುಗಿದರು. "ಸೀರೆ ತೆಗಿ, ಗಟ್ಟಿದ್ದು!" ಎಂದರು ಅಮ್ಮನಿಗೆ. ಅಮ್ಮ ಟ್ರಂಕು ತೆರೆದವಳು ಮೇಲಿದ್ದದ್ದನ್ನೇ ಎಳೆದು ತಂದಳು. ಕೆಂಪು ರೇಷ್ಮೆಯ ಸೀರೆ, ಹಳದಿ ಅಂಚು. ಅದನ್ನು ಕೈಗೆ ತೆಗೆದುಕೊಂಡ ಅಜ್ಜಿ ಆ ಗಡಿಬಿಡಿಯಲ್ಲೂ ಒಂದು ಗಳಿಗೆ ನಿಂತರು.

"ಇದು ನಿನ್ನ ಧಾರೆ ಸೀರೆ ಅಲ್ವಾ?"

"ಗಟ್ಟಿದ್ದು ಹೇಳಿದ್ದು ನೀವೇ ಅಲ್ವಾ ಅತ್ತೆ? ಕಟ್ಟಿ!"

ಮೂರು ಹೊತ್ತೂ ಅತ್ತಿದ್ದ ಶಿರ್ತಾಡಿಯ ಹುಡುಗಿ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅಂದೇ ಕೇಳಿದ್ದು. ಬಾಬಣ್ಣ ಕಂಬಕ್ಕೆ ಸುತ್ತಿದ ಹಗ್ಗವನ್ನು ಮೈಭಾರ ಕೊಟ್ಟು ಹಿಡಿದರು. ಅಜ್ಜಿ ಹಗ್ಗದ ತುದಿಗೆ ಸೀರೆಯ ಸೆರಗನ್ನು ಬಿಗಿದು, ಸೀರೆಯ ಇನ್ನೊಂದು ತುದಿಯನ್ನು ಕಂಬಕ್ಕೆ ಕಟ್ಟಿ, ಸ್ವಲ್ಪ ಸ್ವಲ್ಪವೇ ಬಿಡಲು ಹೇಳಿದರು. ಕೆಂಪು ರೇಷ್ಮೆ ಜಗಲಿಯ ದಳಿಯ ಕಂಬಿಯನ್ನು ದಾಟಿ ನೀರಿನ ಮೇಲಕ್ಕೆ ಹೋಯಿತು. ಚಿಕ್ಕಪ್ಪನ ಕೈಗೆ ಕೊಂಬೆ ಸಿಕ್ಕಿತು. ಸುಂದರಿಯಕ್ಕ ಇಳಿಯಲು ಒಪ್ಪಿದರು, ಕೋಳಿಯನ್ನು ಬಿಡಲು ಒಪ್ಪಲಿಲ್ಲ. ಆ ಸಾವಿನ ಬಾಯಲ್ಲೂ ಅವರಿಬ್ಬರಿಗೂ ಏನೋ ವಾದ ನಡೆಯುವುದು ನಮಗೆ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಕೊನೆಗೆ ಕೋಳಿ ಚಿಕ್ಕಪ್ಪನ ಹೆಗಲಿಗೆ ಬಂತು, ತೆಂಗಿನಕಾಯಿ ಸುಂದರಿಯಕ್ಕನ ಎದೆಗೆ. ಬಾಬಣ್ಣ, ಅವರ ಹೆಂಡತಿ, ಅಮ್ಮ, ಅಜ್ಜಿ, ಹಿಂದಿನಿಂದ ನಾವು ಮಕ್ಕಳು, ಎಲ್ಲ ಸೇರಿ ಎಳೆದೆವು. ರೇಷ್ಮೆ ನನ್ನ ಅಂಗೈಯಲ್ಲಿ ನುಣ್ಣಗೆ ಜಾರಿ, ಹಿಂದೆಯೇ ನಾರಿನ ಹಗ್ಗ ಒರಟಾಗಿ ಬಂತು. ಅವರು ಜಗಲಿಯ ಕಂಬ ಹಿಡಿಯುವ ಹೊತ್ತಿಗೆ ಸುಂದರಿಯಕ್ಕ ಕುಳಿತಿದ್ದ ಕವಲು ಮುರಿದು, ಒಮ್ಮೆ ಮಗುಚಿ, ನದಿಗೆ ಹೋಯಿತು.

ಒದ್ದೆ ಮುದ್ದೆಯಾಗಿ ನಡುಗುತ್ತಾ ಕುಳಿತ ಸುಂದರಿಯಕ್ಕನಿಗೆ ಅಮ್ಮ ಒಣ ಸೀರೆ ಉಡಿಸಿದಳು. ಅಜ್ಜಿ ಒಂದು ಬಟ್ಟಲು ಬಿಸಿ ಗಂಜಿ ಬಡಿಸಿ, ಉಪ್ಪಿನಕಾಯಿ ಇಟ್ಟು, ತಂದು ಅವರ ಎದುರಿಗಿಟ್ಟರು. ಇಷ್ಟು ವರ್ಷದ ಮಾತು ಎಲ್ಲಿಂದ ಶುರುಮಾಡುವುದು? ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ಅಜ್ಜಿ ಒಲೆಯ ಪಕ್ಕ ಗರಿ ಒಣಗಿಸುತ್ತಿದ್ದ ಕೋಳಿಯ ಕಡೆ ತಿರುಗಿದರು.

"ಏ ಕೋಳಿ, ನಿನ್ನ ಯಜಮಾನ್ತಿಗೆ ಹೇಳು, ಗಂಜಿ ಆರ್ತದೆ, ಉಣ್ಣಲಿ ಅಂತ."

ಸುಂದರಿಯಕ್ಕ ಬಟ್ಟಲಿಗೆ ಕೈ ಹಾಕಿದವರು ಹಾಗೆಯೇ ಅತ್ತುಬಿಟ್ಟರು. "ದೇವಕಿಯಕ್ಕಾ" ಎಂದರು. ಅಷ್ಟೇ ಅಂದದ್ದು. ಆ ಮಳೆಗಾಲ ಪೂರ್ತಿ ಅವರು ನಮ್ಮ ಮನೆಯಲ್ಲೇ ಇದ್ದರು. ಹೊಸ ಮನೆ ಕಟ್ಟುವಾಗ ಗೋಡೆಗೆ ಮುರಕಲ್ಲು ಹಾಕಿಸಿದರು, ಎದುರು ಬದುರು ಎರಡು ಬಾಗಿಲು ಇಡಿಸಿದರು. ಅಮ್ಮನ ಧಾರೆ ಸೀರೆಯ ಕೆಸರು ಎಷ್ಟು ಸೀಗೆ ಹಾಕಿ ತೊಳೆದರೂ ಪೂರ್ತಿ ಹೋಗಲಿಲ್ಲ. ಹರಿದ ಕಡೆ ಬಾಬಣ್ಣ ಹೊಲಿದು ಕೊಟ್ಟರು. ಅಮ್ಮ ಅದನ್ನು ಮದುವೆ ಮುಂಜಿಗಳಿಗೆಲ್ಲ ಉಟ್ಟುಕೊಂಡೇ ಹೋಗುತ್ತಿದ್ದಳು. ಯಾರಾದರೂ ಇದೆಂಥ ಕಲೆ ಎಂದು ಕೇಳಿದರೆ ಅಮ್ಮನಿಗಿಂತ ಮೊದಲು ಅಜ್ಜಿ ಉತ್ತರ ಕೊಡುತ್ತಿದ್ದರು. "ಅದು ಕಲೆ ಅಲ್ಲ, ಅಂಚು."

ನಾನೂ ಈಗ ಅಜ್ಜಿಯ ವಯಸ್ಸಿಗೆ ಬಂದಿದ್ದೇನೆ. ಬಾಳಿನಲ್ಲಿ ಧೈರ್ಯವಂತರು ಅನ್ನಿಸಿಕೊಂಡ ಬೇಕಾದಷ್ಟು ಜನರನ್ನು ಕಂಡಿದ್ದೇನೆ, ನೀರಿಗೆ ಹಾರುವವರನ್ನು ಕಂಡಿದ್ದೇನೆ. ಆದರೆ ಬೇಡ ಅನ್ನಬೇಕಾದಲ್ಲಿ ವರ್ಷಗಟ್ಟಲೆ ಕದಲದೆ ಕುಳಿತು, ಏಳಬೇಕಾದ ಗಳಿಗೆಯಲ್ಲಿ ಎದ್ದು, ಜೊತೆಗಿದ್ದ ಒಬ್ಬ ಮಗನ ಬೆನ್ನಿಗೆ ತಾನೇ ಗಂಟು ಬಿಗಿದು ಕಳಿಸುವಂಥ ಇನ್ನೊಬ್ಬರನ್ನು ಕಾಣಲಿಲ್ಲ. ನನ್ನಲ್ಲಿ ಏನಾದರೂ ಗಟ್ಟಿತನ ಇದ್ದರೆ ಅದು ಆ ಉಪ್ಪರಿಗೆಯಿಂದ ಬಂದದ್ದು. ಚಿಕ್ಕಪ್ಪ ಮುಂದೆ ಮದುವೆಯಾದರು, ಮೊಮ್ಮಕ್ಕಳನ್ನು ಕಂಡರು. ಸೊಂಟದ ಸುತ್ತ ಹಗ್ಗ ತಿಂದ ಗುರುತು ಅವರಿಗೆ ಕೊನೆಯವರೆಗೂ ಇತ್ತು, ಕೇಳಿದವರಿಗೆಲ್ಲ ಅಂಗಿ ಎತ್ತಿ ತೋರಿಸುತ್ತಿದ್ದರು.

ಆದರೆ ಆ ದಿನ ಸಂಜೆಯ ಮಾತೊಂದನ್ನು ಅವರು ಯಾರಿಗೂ ಹೇಳುತ್ತಿರಲಿಲ್ಲ. ಮಳೆ ನಿಂತಿತ್ತು, ನೀರು ಗೋಡೆಯ ಮೇಲೆ ಒಂದು ಬೆರಳು ಇಳಿದಿತ್ತು. ಅಜ್ಜಿ ಚಿಕ್ಕಪ್ಪನನ್ನು ಬೆನ್ನು ಮಾಡಿ ಕೂರಿಸಿ ಗಂಟು ಬಿಡಿಸುತ್ತಿದ್ದರು. ಒದ್ದೆ ನಾರಿನ ಗಂಟು, ಬೆರಳಿಗೆ ಬರಲೇ ಇಲ್ಲ. ಹಲ್ಲಿನಲ್ಲಿ ಕಚ್ಚಿ ಬಿಡಿಸಬೇಕಾಯಿತು. ನಾನು ಪಕ್ಕದಲ್ಲಿ ದೀಪ ಹಿಡಿದು ಕುಳಿತಿದ್ದೆ. ಚಿಕ್ಕಪ್ಪನ ಸೊಂಟದ ಚರ್ಮ ಕಿತ್ತು ರಕ್ತ ಒಸರುತ್ತಿತ್ತು. ಅವರು ನೋವಿಗೆ ಹಲ್ಲು ಕಚ್ಚಿಕೊಂಡು, ಅರ್ಧ ಸಿಟ್ಟಿನಿಂದ, ಅರ್ಧ ನಗುತ್ತಾ ಕೇಳಿದರು.

"ಎಂತ ಗಂಟು ಅಮ್ಮಾ ಇದು? ಲೋಕದಲ್ಲಿ ಎಲ್ಲರೂ ಮುಂದೆ ಕಟ್ತಾರೆ. ನೀವು ಯಾಕೆ ಬೆನ್ನಿಗೆ ಕಟ್ಟಿದ್ದು?"

ಅಜ್ಜಿ ಗಂಟನ್ನು ಬಿಡಿಸಿ ಮುಗಿಸಿದರು. ಅವರ ಸೊಂಟಕ್ಕೆ ತೆಂಗಿನೆಣ್ಣೆ ಹಚ್ಚಿದರು.

"ನಿನ್ನ ಅಪ್ಪನಿಗೆ ಮುಂದೆ ಕಟ್ಟಿದ್ದೆ" ಎಂದರು.

ಆಮೇಲೆ ಒದ್ದೆ ಹಗ್ಗವನ್ನು ಮತ್ತೆ ಸುರುಳಿ ಸುತ್ತಿ, ಅದರ ಮೇಲೆ ಕುಳಿತರು.